ತಳದವರೆಗಿನ ಪರೀಕ್ಷೆ

ನಮ್ಮ ಬಡಾವಣೆಯ ಆಹಾರ ಬ್ಯಾಂಕು ಇವತ್ತಿನವರೆಗೆ ಯಾರಿಗೂ ಕೆಟ್ಟ ಆಹಾರ ಕೊಟ್ಟಿಲ್ಲ. ಒಳ್ಳೆಯದನ್ನೂ ಕೊಟ್ಟಿಲ್ಲ. ಆದರೂ ಬಡಾವಣೆಯಲ್ಲಿ ಹಸಿದವರು ಯಾರೂ ಉಳಿದಿಲ್ಲ. ಹೇಗಾಯಿತೆಂದು ಹೊರಗಿನವರು ಕೇಳುತ್ತಾರೆ. ನಿಯಮ ಪಾಲಿಸಿದ್ದರಿಂದ ಆಯಿತು.

ನಿಯಮಗಳು ಎರಡೇ. ದಾನವಾಗಿ ಬಂದ ಯಾವ ಡಬ್ಬಿಯನ್ನೂ ತೆರೆದು ರುಚಿ ನೋಡದೆ ಬಡವರಿಗೆ ಕೊಡತಕ್ಕದ್ದಲ್ಲ. ತೆರೆದ ಡಬ್ಬಿಯಲ್ಲಿರುವುದನ್ನು ಬಡವರಿಗೆ ಕೊಡತಕ್ಕದ್ದಲ್ಲ. ಎರಡನ್ನೂ ಬಡವರ ಆರೋಗ್ಯಕ್ಕಾಗಿಯೇ, ಒಂದೇ ಸಭೆಯಲ್ಲಿ, ಒಮ್ಮತದಿಂದ ಮಾಡಲಾಯಿತು.

ರುಚಿ ನೋಡಲು ಸಮಿತಿಯಾಯಿತು. ಅಧ್ಯಕ್ಷರು, ಅವರ ಷಡ್ಡಕರು, ಅವರ ಬೀಗರು. ಸಂಬಳವಿಲ್ಲ, ಬರೀ ಸೇವೆ. ಗೋದಾಮಿನ ಹಿಂದಿನ ಕೋಣೆಯಲ್ಲಿ ಒಂದು ಮೇಜು, ತಲೆಗೊಂದು ಚಮಚ. ಬಟಾಣಿ, ಮೀನು, ಹಣ್ಣಿನ ಹೋಳು, ಏನೇ ಬರಲಿ, ತಳದವರೆಗೆ ಪರೀಕ್ಷಿಸುತ್ತಿದ್ದರು. ಮೇಲಿನದು ಚೆನ್ನಾಗಿದ್ದು ಅಡಿಯದು ಕೆಟ್ಟಿದ್ದರೆ ಜವಾಬ್ದಾರಿ ಯಾರದು?

ಪರೀಕ್ಷೆ ಮುಗಿದ ಡಬ್ಬಿಯನ್ನು ಉಗ್ರಾಣದವನು ತೊಳೆದು, 'ಯೋಗ್ಯವಾಗಿದೆ' ಎಂದು ಮುದ್ರೆ ಒತ್ತಿ, ಕಿಟಕಿಯಲ್ಲಿ ಕೊಡುತ್ತಿದ್ದ.

ಸಾಲಿನಲ್ಲಿ ಮೊದಲು ನಿಲ್ಲುತ್ತಿದ್ದವಳು ಚೀಲದಜ್ಜಿ. ಹೊಲಿಗೆ ಅಂಗಡಿಗೆ ಗುಂಡಿ ಹಾಕಿಕೊಡುತ್ತಿದ್ದಳು. ಅಂಗಡಿ ಮುಚ್ಚಿತ್ತು. ಮನೆಯಲ್ಲಿ ಇಬ್ಬರು ಮೊಮ್ಮಕ್ಕಳು. ಸಂಜೆಯ ಊಟಕ್ಕೆ ಬಿಸಿನೀರು.

"ಇದರಲ್ಲಿ ಏನೂ ಇಲ್ವಲ್ಲಪ್ಪಾ?"

"ಪಾಸಾಗಿದೆ ಅಜ್ಜಿ. ಮುದ್ರೆ ನೋಡು."

"ಪಾಸಾಗಿ ಎಲ್ಲಿಗೆ ಹೋಯ್ತು?"

"ಒಳಗೆ ಕೇಳ್ಬೇಕು."

"ಕೇಳ್ಕೊಂಡು ಬಾ. ಮಕ್ಕಳಿಗೆ ಮುದ್ರೆ ಬೇಯಿಸಿ ಹಾಕ್ಲಾ ಅಂತಾನೂ ಕೇಳು."

ಅವನು ಕೇಳಿದ. ಮುದ್ರೆ ಬೇಯಿಸಬಾರದೆಂಬ ನಿಯಮವೇನೂ ಇಲ್ಲ ಎಂದು ಉತ್ತರ ಬಂತು.

ಅಜ್ಜಿ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ಹೋದಳು. ಮರುದಿನ ಮತ್ತೆ ಬಂದಳು.

ಸಮಿತಿಯ ಕಷ್ಟ ಮಾತ್ರ ಯಾರಿಗೂ ಕಾಣಲಿಲ್ಲ. ಬೀಗರು ಎದ್ದರೆ ಕುರ್ಚಿಯೂ ಜೊತೆಗೆ ಏಳುತ್ತಿತ್ತು. ಷಡ್ಡಕರಿಗಾಗಿ ಬಾಗಿಲು ಅಗಲ ಮಾಡಿಸಬೇಕಾಯಿತು. ಆ ಖರ್ಚನ್ನು 'ಹಸಿವು ನಿವಾರಣೆ'ಯಲ್ಲಿ ಸೇರಿಸಿದರು.

ಕೊನೆಗೆ ಡಾಕ್ಟರು ಬಂದು ಅಧ್ಯಕ್ಷರ ಹೊಟ್ಟೆ ತಟ್ಟಿ ನೋಡಿದರು.

"ಇನ್ನೊಂದು ಚಮಚ ತಿಂದ್ರೆ ನಾನು ಜವಾಬ್ದಾರನಲ್ಲ."

"ನಾನೆಲ್ಲಿ ತಿಂತೀನಿ ಡಾಕ್ಟ್ರೇ? ಪರೀಕ್ಷೆ ಮಾಡ್ತೀನಿ."

"ಅದನ್ನೂ ಮಾಡ್ಬೇಡಿ. ಬಿಸಿನೀರು ಕುಡೀರಿ. ಮೂವರೂ."

ಪರೀಕ್ಷೆ ನಿಂತಿತು. ದಾನಿಗಳು ನಿಲ್ಲಲಿಲ್ಲ. ಗೋದಾಮು ಸೂರಿನವರೆಗೆ ತುಂಬಿತು. ಕಿಟಕಿಯಲ್ಲಿ ಖಾಲಿ ಡಬ್ಬಿಯೂ ಬರದಾಯಿತು.

"ಮೊದಲು ವಾಸನೆಯಾದ್ರೂ ಸಿಗ್ತಿತ್ತು" ಎಂದಳು ಅಜ್ಜಿ.

ತುರ್ತು ಸಭೆ ಸೇರಿತು. ನಿಯಮ ಸ್ವಲ್ಪ ಸಡಿಲಿಸಿದರೆ ಹೇಗೆ ಎಂದು ಉಗ್ರಾಣದವನು ಕೇಳಿದ. ಅವನನ್ನು ಕ್ಷಮಿಸಲಾಯಿತು.

"ನಾವು ಎಡವಿದ್ದು ಒಂದೇ ಕಡೆ" ಎಂದರು ಷಡ್ಡಕರು. "ಹೊಟ್ಟೆ ತುಂಬಿದವರು ರುಚಿ ನೋಡ್ಬಾರದಿತ್ತು. ಈಚೆಗೆ ನನಗೆ ಮೀನೂ ಒಂದೇ, ಬಟಾಣಿನೂ ಒಂದೇ."

"ಹಾಗಾದ್ರೆ ಹಸಿದ ನಾಲಗೆ ಬೇಕು" ಎಂದರು ಅಧ್ಯಕ್ಷರು. "ಎಲ್ಲಿಂದ ತರೋಣ?"

ಬಹಳ ಯೋಚಿಸಿದರು. ಕಿಟಕಿಯ ಆಚೆ ಸಾಲು ನಿಂತಿತ್ತು. ಯಾರಿಗೂ ಹೊಳೆಯಲಿಲ್ಲ. ಪ್ರಕಟಣೆ ಹೊರಡಿಸಿದರು:

'ರುಚಿ ಪರೀಕ್ಷಕರು ಬೇಕಾಗಿದ್ದಾರೆ. ಅರ್ಹತೆ: ಹಸಿವು. ಅನುಭವವುಳ್ಳವರಿಗೆ ಆದ್ಯತೆ. ಸಂಬಳವಿಲ್ಲ. ಪ್ರತಿ ಡಬ್ಬಿಯನ್ನೂ ತಳದವರೆಗೆ ಪರೀಕ್ಷಿಸುವುದು ಕಡ್ಡಾಯ. ತಪ್ಪಿದಲ್ಲಿ ಶಿಸ್ತುಕ್ರಮ.'

ಸಂದರ್ಶನಕ್ಕೆ ಮೊದಲು ಬಂದವಳೂ ಚೀಲದಜ್ಜಿಯೇ.

"ಅನುಭವ ಎಷ್ಟಮ್ಮಾ?"

"ಹುಟ್ಟಿದಾಗಿಂದ."

"ಸಹಾಯಕರು?"

"ಇಬ್ಬರಿದ್ದಾರೆ. ಚಿಕ್ಕವನಿಗೆ ಮುಂದಿನ ಹಲ್ಲಿಲ್ಲ. ಆದ್ರೂ ಕೆಲಸ ಅರ್ಧಕ್ಕೆ ಬಿಡೋನಲ್ಲ."

"ಪರೀಕ್ಷೆ ಇಲ್ಲೇ ಆಗ್ಬೇಕಲ್ಲ?"

"ಇಲ್ಲಿಯ ರುಚಿ ಬೇರೆ, ಮನೆಯ ರುಚಿ ಬೇರೆ ಸ್ವಾಮಿ. ತಿನ್ನೋರು ಮನೇಲಿ ತಾನೇ ತಿನ್ನೋದು?"

ಮೂವರೂ ಮುಖ ಮುಖ ನೋಡಿಕೊಂಡರು. ಇಷ್ಟು ದಿನ ಇದು ತಮಗೆ ತೋಚಲಿಲ್ಲವಲ್ಲ ಎಂದು ಅಧ್ಯಕ್ಷರು ನೊಂದುಕೊಂಡರು. ಅಜ್ಜಿ ಆ ಸಂಜೆಯೇ ಚೀಲ ತುಂಬ ಡಬ್ಬಿ ಹೊತ್ತು ನಡೆದಳು. ಬೆಳಿಗ್ಗೆ ಎಲ್ಲವನ್ನೂ ಖಾಲಿ ಮಾಡಿ ತಂದು ಒಪ್ಪಿಸಿದಳು. ಒಂದರ ಅಂಚಿನಲ್ಲಿ ಪುಟ್ಟ ಬೆರಳಿನ ಗುರುತಿತ್ತು. ಕೆಲಸದಲ್ಲಿ ಅಷ್ಟು ಶ್ರದ್ಧೆಯನ್ನು ಸಮಿತಿ ಈ ಮೊದಲು ಕಂಡಿರಲಿಲ್ಲ.

ವಾರ ಕಳೆಯುವುದರೊಳಗೆ ಸಾಲಿನಲ್ಲಿದ್ದವರೆಲ್ಲರಿಗೂ ನೇಮಕವಾಯಿತು. ಸಾಲೇ ಇಲ್ಲವಾಯಿತು. ವಾರ್ಷಿಕ ವರದಿ ಚಿಕ್ಕದು: 'ವಿತರಣೆ: ಇಲ್ಲ. ಬೇಡಿಕೆ: ಇಲ್ಲ. ದೂರು: ಇಲ್ಲ.' ಮೇಲಿನ ಕಚೇರಿಯವರು ಮೆಚ್ಚಿ ಹಿತ್ತಾಳೆಯ ಫಲಕ ಕಳಿಸಿದರು.

ಚೀಲದಜ್ಜಿ ಈಗ ಮುಖ್ಯ ಪರೀಕ್ಷಕಿ. ಮುದ್ರೆ ಅವಳ ಕೈಯಲ್ಲೇ ಇದೆ.

ಅಧ್ಯಕ್ಷರು ಇನ್ನೂ ಬಿಸಿನೀರಿನ ಪಥ್ಯದಲ್ಲಿದ್ದಾರೆ. ಮೊನ್ನೆ ಕಿಟಕಿಯ ಹತ್ತಿರ ಬಂದು, ಅತ್ತಿತ್ತ ನೋಡಿ, "ಒಂದು ಡಬ್ಬಿ ಸಿಗಬಹುದಾ ಅಜ್ಜಿ?" ಎಂದರು.

ಅಜ್ಜಿ ತೊಳೆದ ಡಬ್ಬಿಯೊಂದಕ್ಕೆ ಮುದ್ರೆ ಒತ್ತಿ ಕೊಟ್ಟಳು.

ಅಧ್ಯಕ್ಷರು ಒಳಗೆ ಇಣುಕಿದರು. ಮೂಸಿದರು.

"ಅನಾನಸ್?"

"ಹೌದು. ತಳದವರೆಗೂ ಚೆನ್ನಾಗಿತ್ತು."

"ನಿಯಮ ಅಂದ್ರೆ ಹೀಗಿರ್ಬೇಕು" ಎಂದು ಅಧ್ಯಕ್ಷರು ಕಿಟಕಿಯ ಪುಸ್ತಕದಲ್ಲಿ ಸಹಿ ಹಾಕಿ, ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಮನೆಗೆ ಹೋದರು.