ಬಸ್ತಾದ ಹೊತ್ತಿನ ಸೀನು

ಸೀನಿಗೆ ಕಾರಣ ಹುಡುಕಲು ಹೊರಟವನಿಗೆ ಕಾರಣಗಳ ಕೊರತೆ ಇರುವುದಿಲ್ಲ. ಮನೆಮಂದಿ ತಲೆಗೊಂದು ಕೊಡುತ್ತಾರೆ. ಕೊನೆಗೆ ಕೆಡುವುದು ನಮ್ಮ ತಲೆ.

ಮಿರಜದಲ್ಲಿ ನಮ್ಮದು ಸೀರೆ ಅಂಗಡಿ. ಮದುವೆಯ ಬಟ್ಟೆಯನ್ನೆಲ್ಲ ಒಟ್ಟಿಗೆ ಕೊಳ್ಳುವುದಕ್ಕೆ ಇಲ್ಲಿ ಬಸ್ತಾ ಎನ್ನುತ್ತಾರೆ. ಬೀಗರೆಲ್ಲ ಬಂದು ನನ್ನ ಗಾದಿಯ ಮುಂದೆ ಕೂತು, ಅಂಗಡಿಯ ಅರ್ಧ ಸೀರೆ ಬಿಚ್ಚಿಸಿದ ಮೇಲೆ, ಹಿರಿಯಳೊಬ್ಬಳು ಒಂದರ ಮೇಲೆ ಕೈಯಿಟ್ಟು "ಇದ ಇರ್ಲಿ" ಎನ್ನುತ್ತಾಳೆ. ಸರಿಯಾಗಿ ಆಗಲೇ ನನಗೆ ಸೀನು ಬರುತ್ತದೆ. ಬೇಡಗ ಹಳ್ಳಿಯ ಹಿರಿಯ ಮಾವಶಿಯೊಬ್ಬರು ಕೈ ಹಿಂದಕ್ಕೆಳೆದುಕೊಂಡು, "ಅಪಶಕುನ ಆತು. ನಾಳೆ ಬರ್ತೀವ್ರಿ" ಎಂದು ಎದ್ದು ಹೋದರು. ಆ ನಾಳೆ ಇನ್ನೂ ಬಂದಿಲ್ಲ.

ತಮ್ಮ ಶಿವಾನಂದ ಕಡ್ಡಿ ಮುರಿದಂತೆ ಹೇಳಿದ: "ಅಣ್ಣಾ, ಸೀನು ನಿಲ್ಲಲಿಲ್ಲಂದ್ರ ನೀ ಮ್ಯಾಲ ಗೋದಾಮಿನ್ಯಾಗ ಕುಂದ್ರು. ಗಾದಿ ನಾ ನೋಡ್ಕೋತೇನಿ." ಅಪ್ಪ ಕೂತ ಗಾದಿ ಅದು.

ಸಾಂಗಲಿಯಲ್ಲಿ ವಿಜ್ಞಾನ ಓದುವ ಮಗಳು ಉಪಾಯ ಹೇಳಿದಳು. "ಪಪ್ಪಾ, ಒಂದ ಸಲಕ್ಕ ಒಂದ ಬದಲ ಮಾಡ್ರಿ. ಬಾಕಿ ಎಲ್ಲಾ ಹಂಗ ಇರ್ಲಿ. ಆವಾಗ ಖರೇ ಕಾರಣ ಸಿಗತೈತಿ." ನಾನು ಗಾದಿಯ ಬಳಿಯ ಊದಿನಕಡ್ಡಿ ನಿಲ್ಲಿಸಿದೆ. ಸೀನು ನಿಂತೇಬಿಟ್ಟಿತು! ಮನೆಗೆ ಹೋಗಿ ಜಂಬದಿಂದ ಹೇಳಿದರೆ ಹೆಂಡತಿ ನಕ್ಕಳು: "ಊದಿನಕಡ್ಡಿ ಅಲ್ರಿ, ನಿಮ್ಮ ಚಹಾದಾಗ ನಾ ಅಜವಾನ ಹಾಕಾಕತ್ತೇನಿ." ಅವ್ವ ಬಿಟ್ಟಾಳೆಯೇ? "ಉಪ್ಪು ಮೆಣಸಿನಕಾಯಿ ಇಳಿಸಿ ದೃಷ್ಟಿ ತಗದಾಕಿ ನಾ!" ತಮ್ಮ ಫ್ಯಾನಿನ ಮುಖ ತಿರುಗಿಸಿದ್ದನಂತೆ. ಎಲ್ಲವೂ ಒಂದೇ ಬೆಳಿಗ್ಗೆ. ಒಂದೊಂದಾಗಿ ಬಿಟ್ಟು ನೋಡೋಣವೆಂದರೆ, ತಂತಮ್ಮದನ್ನು ಬಿಡಲು ಒಬ್ಬರೂ ಒಪ್ಪಲಿಲ್ಲ. ಸೀನು ಹೋಯಿತು, ಗೊಂದಲ ಉಳಿಯಿತು.

ಅಷ್ಟರಲ್ಲಿ ಲಿಂಗನೂರಿನ ಬಸ್ತಾ ಬಂತು. ಅಜ್ಜಿ ಹಸಿರು ಸೀರೆಯ ಮೇಲೆ ಕೈಯಿಟ್ಟು "ಇದ ಇರ್ಲಿ" ಎಂದಳು. ಸೀನಿಲ್ಲ! ಆ ಖುಷಿಯಲ್ಲಿ ನಾನು ಬಾಯಿಬಿಟ್ಟೆ: "ಛಲೋ ಆರಿಸಿದ್ರಿ. ನಿಮ್ಮ ಬೀಗರ ಓಣಿಯವ್ರೂ ಮನ್ನೆ ಇದನ್ನ ಒಯ್ದಾರ." "ಹಂಗಾರ ಎಲ್ಲಾರೂ ಉಟ್ಟದ್ದ ಆತಲ್ಲ" ಎಂದು ಅಜ್ಜಿ ಕೈ ತೆಗೆದಳು. "ನಾಳೆ ಬರ್ತೀವ್ರಿ."

ಮಗಳು ಎಲ್ಲ ಕೇಳಿ ಹೇಳಿದಳು: "ಪಪ್ಪಾ, ಊದಿನಕಡ್ಡಿ, ಚಹಾ, ಫ್ಯಾನು ಎಲ್ಲಾ ಬದಲಾತು. ಗಾದಿ ಮ್ಯಾಲ ಕುಂತವ್ರನ್ನ ಬದಲ ಮಾಡಿಲ್ಲಲ್ರಿ?"

ಈಗ ನಾನು ಗೋದಾಮಿನಲ್ಲಿದ್ದೇನೆ. ಇಲ್ಲಿ ಧೂಳು ಬಹಳ. ಈಗಷ್ಟೇ ಕೆಳಗೆ ಯಾರೋ "ಇದ ಇರ್ಲಿ" ಎಂದರು, ಮೇಲೆ ನಾನು ಹಲಗೆ ನಡುಗುವಂತೆ ಸೀನಿದೆ. ಹಲಗೆಯ ಸಂದಿಯಲ್ಲಿ ಇಣುಕಿದರೆ, ಕೆಳಗಿನವರು ತಲೆಯೆತ್ತಿ ನೋಡಿ ನಗುತ್ತಿದ್ದರು. ಯಾರೂ ಎದ್ದು ಹೋಗಲಿಲ್ಲ.