ವಸತಿಗೃಹ ಸಂಖ್ಯೆ ನಾಲ್ಕರ ಸಾಮಾನು ಪಟ್ಟಿ

ಇಲಾಖೆಯ ಜಿಲ್ಲಾ ಕಚೇರಿ, ಹಾಸನ
ಸಂಖ್ಯೆ: ವಗೃ/ಸಾಮಾನು/04/ಮರುಮರುಪರಿಶೀಲನೆ/2025-26
ದಿನಾಂಕ: 23-06-2025

ಸುತ್ತೋಲೆ

ವಿಷಯ: ವರ್ಗಾವಣೆಗೊಂಡ ನೌಕರರು ವಸತಿಗೃಹ ಬಿಡುವ ಮುನ್ನ ಮನೆಸಾಮಾನಿನ ಪಟ್ಟಿ ಸಲ್ಲಿಸುವ ಬಗ್ಗೆ, ಹಾಗೂ ಸತ್ಯವಾದ ಪಟ್ಟಿಯಿಂದ ಇಲಾಖೆಗೆ ಉಂಟಾದ ಅನನುಕೂಲದ ಬಗ್ಗೆ.

ಉಲ್ಲೇಖ:
1. ಹೊಳೆನರಸೀಪುರ ಕಚೇರಿಯ ಅಧೀಕ್ಷಕರ ಜ್ಞಾಪನ, ದಿನಾಂಕ 12-06-2025.
2. ಶ್ರೀಮತಿ ನೇತ್ರಾ, ದ್ವಿತೀಯ ದರ್ಜೆ ಸಹಾಯಕರು, ಇವರ ಪಟ್ಟಿ (ಅರವತ್ತೊಂದು ಪುಟ).
3. ಇದೇ ವಿಷಯದ ಹಿಂದಿನ ಸುತ್ತೋಲೆ (ಕಡತದಲ್ಲಿ ಸಿಕ್ಕಿರುವುದಿಲ್ಲ).

*

ಹೊಳೆನರಸೀಪುರದ ವಸತಿಗೃಹ ಸಂಖ್ಯೆ ನಾಲ್ಕರಲ್ಲಿ ಪತಿ ಧರ್ಮೇಂದ್ರ ಮತ್ತು ಅತ್ತೆ ದೊಡ್ಡತಾಯಮ್ಮನವರೊಂದಿಗೆ ಏಳು ವರ್ಷಗಳಿಂದ ವಾಸವಾಗಿದ್ದ ಶ್ರೀಮತಿ ನೇತ್ರಾ ಅವರನ್ನು ಅರಕಲಗೂಡಿಗೆ ವರ್ಗಾಯಿಸಿ, 16-06-2025ರೊಳಗೆ ಹಾಜರಾಗತಕ್ಕದ್ದೆಂದು, ತಪ್ಪಿದಲ್ಲಿ ಆ ಹುದ್ದೆಯನ್ನು ಬೇರೆಯವರಿಗೆ ಕೊಟ್ಟು ಇವರನ್ನು ಹುದ್ದೆಯಿಲ್ಲದೆ ಸ್ಥಳನಿರೀಕ್ಷಣೆಯಲ್ಲಿ ಇಡಲಾಗುವುದೆಂದು ಆದೇಶಿಸಲಾಗಿತ್ತು. ಮನೆ ಬಿಡಲು, ಬಾಕಿ ಏನೂ ಇಲ್ಲವೆಂಬ ಬೇಬಾಕಿ ಪತ್ರ ಬೇಕು. ಬೇಬಾಕಿ ಪತ್ರಕ್ಕೆ ಸಾಮಾನು ಪಟ್ಟಿ ಬೇಕು. ಪಟ್ಟಿಯನ್ನು ಒಪ್ಪಬೇಕಾದವರು ಅಧೀಕ್ಷಕರಾದ ಶ್ರೀ ಸುದರ್ಶನ್. ಅದೇ ಮನೆ ಮುಂದೆ ಮಂಜೂರಾಗಿದ್ದುದು ಸಹ ಶ್ರೀ ಸುದರ್ಶನ್ ಅವರಿಗೇ ಎಂಬುದು ಕೇವಲ ಕಾಕತಾಳೀಯವೆಂದು ಇಲಾಖೆಯು ತೃಪ್ತಿಪಟ್ಟುಕೊಂಡಿದೆ. ತದನಂತರ ನಡೆದದ್ದನ್ನು ಎಲ್ಲ ನೌಕರರ ತಿಳಿವಳಿಕೆಗಾಗಿ, ಕಲಿಯಬೇಕಾದ ಪಾಠಗಳ ಸಮೇತ, ಕೆಳಗೆ ನಮೂದಿಸಿದೆ.

1. ಒಂಬತ್ತನೇ ತಾರೀಖು ಸಲ್ಲಿಸಿದ ಪಟ್ಟಿಯಲ್ಲಿ ನೌಕರರು ‘ಸಾಸಿವೆ, ಒಂದು ಡಬ್ಬಿ’ ಎಂದು ಬರೆದಿದ್ದರು. ಡಬ್ಬಿಯ ಸಂಖ್ಯೆ ಸ್ಪಷ್ಟವಿದ್ದು, ಸಾಸಿವೆಯ ಸಂಖ್ಯೆ ಇಲ್ಲದ ಕಾರಣ ಪಟ್ಟಿಯನ್ನು ಹಿಂದಿರುಗಿಸಲಾಯಿತು. ಇನ್ನು ಮುಂದೆ ಎಣಿಸಲಾಗದ ಪದಾರ್ಥಗಳನ್ನು ಹೊರಡುವ ಮುನ್ನ ಅಡುಗೆ ಮಾಡಿ ಮುಗಿಸತಕ್ಕದ್ದು.

2. ಹತ್ತನೇ ತಾರೀಖು ಪಟ್ಟಿ ಮತ್ತೆ ಬಂದಿತು. ಕ್ರಮಸಂಖ್ಯೆ 41ರಲ್ಲಿ ‘ಹಳೇ ಸೀರೆ ಹರಿದು ಮಾಡಿದ ಒರೆಸುವ ಬಟ್ಟೆ’ ಎಂದಿತ್ತು. ಸದರಿ ಸೀರೆಯು ಯಾವ ದಿನಾಂಕದಿಂದ ಸೀರೆಯಾಗಿರುವುದನ್ನು ನಿಲ್ಲಿಸಿತು, ಅದಕ್ಕೆ ಯಾರ ಅನುಮೋದನೆ ಇತ್ತು ಎಂಬುದನ್ನು ಅಧೀಕ್ಷಕರು ಕೇಳಿದರು. ನೌಕರರು ಹನ್ನೆರಡು ವರ್ಷ ಕಡತ ನೋಡಿಕೊಂಡಿದ್ದವರಾದರೂ ಈ ಪ್ರಶ್ನೆಗೆ ಉತ್ತರ ಬರೆಯಲು ಅವರಿಗೆ ಇಡೀ ಸಂಜೆ ಹಿಡಿಯಿತು. ಆ ಸಂಜೆ ಅವರು ಅಡುಗೆಮನೆಯಲ್ಲಿ ಅತ್ತು, ಕ್ರಮಸಂಖ್ಯೆ 41ರಿಂದಲೇ ಕಣ್ಣೊರೆಸಿಕೊಂಡರೆಂದು ತಿಳಿದುಬಂದಿದೆ. ಪಟ್ಟಿ ಸಲ್ಲಿಸಿದ ಮೇಲೆ ಅದರಲ್ಲಿನ ಸಾಮಾನನ್ನು ಬಳಸುವುದು ನಿಷಿದ್ಧ.

3. ಹನ್ನೊಂದರಂದು ಅಧೀಕ್ಷಕರು ಖುದ್ದು ತಪಾಸಣೆಗೆ ತೆರಳಿ, ಮಂಚದ ಪಕ್ಕದ ತಗಡಿನ ಟ್ರಂಕನ್ನು ತೆರೆಯುವಂತೆ ಸೂಚಿಸಿದರು. ಟ್ರಂಕಿನ ಮೇಲೆ ಶ್ರೀಮತಿ ದೊಡ್ಡತಾಯಮ್ಮನವರು ಕುಳಿತಿದ್ದರು. ಏಳಲಿಲ್ಲ. ಒಳಗೇನಿದೆ, ಎಷ್ಟಿದೆ, ಆರನೇ ಕಾಲಂನಂತೆ ‘ಬಳಸುವ ಅಂದಾಜು ದಿನಾಂಕ’ ಯಾವುದು ಎಂದು ಕೇಳಲಾಗಿ, ಅವರು ಕೊಟ್ಟ ಹೇಳಿಕೆಯನ್ನು ಯಥಾವತ್ ದಾಖಲಿಸಿದೆ: “ಅದ್ರೊಳಗೆ ನನ್ ಸಾವಿನ್ ಸೀರೆ ಐತೆ ಕಣಪ್ಪ. ಬರ್ಕೋ. ಯಾವತ್ತು ಉಡ್ತೀನಿ ಅಂತ ಮಾತ್ರ ನನ್ನ ಕೇಳ್ಬ್ಯಾಡ.” ಅಧೀಕ್ಷಕರು ಆರನೇ ಕಾಲಂ ಖಾಲಿ ಬಿಟ್ಟು, ಪೆನ್ನು ಜೇಬಿಗಿಟ್ಟುಕೊಂಡು, ನೀರನ್ನೂ ಕುಡಿಯದೆ ಹಿಂದಿರುಗಿದರು. ಕಾಲಂ ಖಾಲಿ ಬಿಟ್ಟದ್ದಕ್ಕೆ ಅವರಿಂದ ಸಮಜಾಯಿಷಿ ಕೇಳಲಾಗಿದೆ.

4. ಮರುದಿನ ಅಧೀಕ್ಷಕರು ಉಲ್ಲೇಖ (1)ರ ಜ್ಞಾಪನವನ್ನು ಹೊರಡಿಸಿದರು. ಪಟ್ಟಿಯಲ್ಲಿ ನೌಕರರ ಸ್ವಂತದ್ದೆಂದು ನಮೂದಾದ ಪ್ರತಿಯೊಂದು ವಸ್ತುವನ್ನೂ ಯಾವುದೇ ವಿನಾಯಿತಿ ಇಲ್ಲದೆ ಸಾಗಿಸತಕ್ಕದ್ದು, ಒಂದು ಮೊಳೆ ಉಳಿದರೂ ಸರ್ಕಾರಿ ಜಾಗದ ಒತ್ತುವರಿಯೆಂದು ಪರಿಗಣಿಸಿ ಬೇಬಾಕಿ ಪತ್ರವನ್ನು ತಡೆಹಿಡಿಯಲಾಗುವುದು ಎಂಬುದು ಅದರ ಸಾರಾಂಶ. ನೌಕರರು ಅದನ್ನು ನಿಂತು ಒಮ್ಮೆ ಓದಿದರು. ಕುಳಿತು ಇನ್ನೊಮ್ಮೆ ಓದಿದರು. ಅಷ್ಟು ದಿನ ಎದೆಯ ಮೇಲೆ ಕುಳಿತಿದ್ದ ಭಾರ ಯಾರೋ ಎತ್ತಿಕೊಂಡಂತೆ ಹಗುರಾಯಿತೆಂದು ಅವರು ತರುವಾಯ ಪತಿಗೆ ತಿಳಿಸಿರುತ್ತಾರೆ. ಇಲಾಖೆಯ ಜ್ಞಾಪನವನ್ನು ಎರಡು ಬಾರಿ ಓದುವುದು ನೌಕರರ ಕರ್ತವ್ಯದ ವ್ಯಾಪ್ತಿಗೆ ಬರುವುದಿಲ್ಲ.

5. ಏಕೆಂದರೆ, ಈ ಏಳು ವರ್ಷಗಳಲ್ಲಿ ಮುಂಬಾಗಿಲನ್ನು ಗೆದ್ದಲು ತಿಂದಿತ್ತು; ನೌಕರರು ಮೂರು ಅರ್ಜಿ ಕೊಟ್ಟಿದ್ದರು; ಮೂರಕ್ಕೂ ‘ಅನುದಾನ ಬಂದಾಗ ಪರಿಶೀಲಿಸಲಾಗುವುದು’ ಎಂಬ ಒಂದೇ ಉತ್ತರವನ್ನು ಬೇರೆ ಬೇರೆ ದಿನಾಂಕದಲ್ಲಿ ಕೊಡಲಾಗಿತ್ತು. ಕಡೆಗೆ ಧರ್ಮೇಂದ್ರ ಅವರು ಹಲಸಿನ ಮರದ ಬಾಗಿಲು ಮಾಡಿಸಿ ನಿಲ್ಲಿಸಿದ್ದರು. ಬಚ್ಚಲಿನ ನಲ್ಲಿ, ಅಡುಗೆಮನೆ ಕಿಟಕಿಯ ಎರಡು ರೆಕ್ಕೆ, ಸ್ವಿಚ್ಚುಗಳು, ಫ್ಯೂಸು, ಕಾಂಪೌಂಡಿನ ಗೇಟು, ಹಿತ್ತಲ ಕಡೆಯ ಆರು ತಗಡಿನ ಶೀಟು ಇವುಗಳ ಕತೆಯೂ ಅದೇ. ನೌಕರರು ಎಲ್ಲವನ್ನೂ ರಸೀದಿ ಸಮೇತ ಸೇರಿಸಿ ಮೂರನೇ ಪಟ್ಟಿಯನ್ನು ಸಲ್ಲಿಸಿದರು. ಅಧೀಕ್ಷಕರು ಸಾಸಿವೆಯ ಸಂಖ್ಯೆ ನಮೂದಾಗಿದ್ದ ಪುಟವನ್ನು ಎರಡು ಸಲ ನೋಡಿ ಸಮಾಧಾನಗೊಂಡು, ಉಳಿದ ಅರವತ್ತು ಪುಟಗಳಿಗೆ ಓದದೆ ರುಜು ಹಾಕಿ, ಬೇಬಾಕಿ ಪತ್ರವನ್ನೂ ಕೊಟ್ಟರು. ಹೊಸ ಮನೆಯಲ್ಲಿ ಹಾಲುಕ್ಕಿಸಲು ಹದಿನಾರರ ಬೆಳಿಗ್ಗೆಗೆ ಮುಹೂರ್ತ ಇಡಿಸಿದ್ದರಿಂದ ಅವರಿಗೆ ಬಿಡುವಿರಲಿಲ್ಲ.

6. ಸದರಿ ಮುಹೂರ್ತಕ್ಕೆ ಅವರು ಕುಟುಂಬ ಸಮೇತರಾಗಿ ಹಾಲಿನ ಪಾತ್ರೆ ಹಿಡಿದು ಬಂದಾಗ, ಮನೆಯ ಮುಂದೆ ಗೂಡ್ಸ್ ಆಟೊ ನಿಂತಿತ್ತು. ಮುಂದಿನ ಸೀಟಿನಲ್ಲಿ ದೊಡ್ಡತಾಯಮ್ಮನವರಿದ್ದರು. ಧರ್ಮೇಂದ್ರ ಅವರು ಬಾಗಿಲಿನ ಕೊನೆಯ ಕೀಲನ್ನು ಬಿಚ್ಚುತ್ತಿದ್ದರು. ಅಧೀಕ್ಷಕರ ಪತ್ನಿ ಆಶಾರಾಣಿಯವರು ಬೀದಿಯಿಂದಲೇ ಹಿತ್ತಲವರೆಗೂ ಕಾಣುತ್ತಿದ್ದ ಆ ಮನೆಯನ್ನು ನೋಡಿ ಹೊಸ್ತಿಲ ಹೊರಗೇ ನಿಂತರು. ಅವರ ಮುಖ ನೋಡಿ ನೇತ್ರಾ ಅವರಿಗೆ ಕಸಿವಿಸಿಯಾಯಿತು. ಹೆಣ್ಣುಮಗಳು ಇರಬೇಕಾದ ಮನೆ. ಬೇರೆಯದೆಲ್ಲ ಹೋಗಲಿ, ಬಾಗಿಲೊಂದನ್ನಾದರೂ ಬಿಟ್ಟುಹೋಗೋಣವೆನ್ನಿಸಿತು. ಈ ಹಂತದಲ್ಲಿ ನಡೆದ ಮೌಖಿಕ ವ್ಯವಹಾರ ಕೆಳಕಂಡಂತಿದೆ:

ನೇತ್ರಾ: “ಬಾಗ್ಲು ಬುಟ್ಟೋಯ್ತೀನಿ ಸಾ. ಮೆಮೊ ವಾಪಸ್ ತಗಂಡಿದೀನಿ ಅಂತ ಒಂದ್ ಗೆರೆ ಬರ್ಕೊಡಿ, ಸಾಕು.”

ಅಧೀಕ್ಷಕರು (ಹಾಲಿನ ಪಾತ್ರೆಯನ್ನು ಕೈಯಿಂದ ಕೈಗೆ ಬದಲಾಯಿಸಿ): “ಮೆಮೊ ಕೊಡಕೆ ನಂಗೆ ಅಧಿಕಾರ ಐತೆ ಕಣಮ್ಮ. ವಾಪಸ್ ತಗಳಕೆ ಇಲ್ಲ.”

ಈ ಉತ್ತರವು ನಿಯಮಬದ್ಧವಾಗಿದ್ದು, ಇಲಾಖೆಯು ಅದನ್ನು ಮೆಚ್ಚಿದೆ. ಬಾಗಿಲು ಆಟೊ ಹತ್ತಿತು. ಆಶಾರಾಣಿಯವರು ಪಾತ್ರೆಯನ್ನು ಗಂಡನ ಕೈಯಿಂದ ತೆಗೆದುಕೊಂಡು ಬಂದ ದಾರಿಯಲ್ಲೇ ತಿರುಗಿದರು. ನೇತ್ರಾ ಅವರು ಬೆಳಿಗ್ಗೆ 11.40ಕ್ಕೆ ಅರಕಲಗೂಡಿನಲ್ಲಿ ಹಾಜರಾತಿ ವಹಿಗೆ ಸಹಿ ಮಾಡಿದರು.

7. ಮೇಲ್ಕಂಡ ಹಿನ್ನೆಲೆಯಲ್ಲಿ ಹಾಸನ, ಹೊಳೆನರಸೀಪುರ, ಅರಕಲಗೂಡು ಹಾಗೂ ಚನ್ನರಾಯಪಟ್ಟಣದ ಸಮಸ್ತ ನೌಕರರಿಗೆ ವಿಧಿಸುವುದೇನೆಂದರೆ:

(ಅ) ಸಾಮಾನು ಪಟ್ಟಿಯು ವಿವರವಾಗಿರಬೇಕೇ ಹೊರತು ನಿಜವಾಗಿರಬೇಕಿಲ್ಲ.

(ಆ) ವಸತಿಗೃಹವನ್ನು ಸ್ವಂತ ಖರ್ಚಿನಲ್ಲಿ ರಿಪೇರಿ ಮಾಡಿಸುವವರು, ಹಿಂದಿನದಕ್ಕಿಂತ ಗಟ್ಟಿಯಾದದ್ದನ್ನು ಹಾಕಿಸಿ ಇಲಾಖೆಯನ್ನು ಮುಜುಗರಕ್ಕೆ ಈಡುಮಾಡಬಾರದು.

(ಇ) ಗೆದ್ದಲುಗಳು ಕಚೇರಿ ವೇಳೆಯಲ್ಲಿ ಮಾತ್ರ ತಿನ್ನುವಂತೆ ಆಯಾ ನಿವಾಸಿಗಳು ನೋಡಿಕೊಳ್ಳತಕ್ಕದ್ದು.

(ಈ) ದಾಸ್ತಾನು ವಹಿಯ ಪ್ರಕಾರ ವಸತಿಗೃಹ ಸಂಖ್ಯೆ ನಾಲ್ಕರ ಮುಂಬಾಗಿಲು ‘ಸುಸ್ಥಿತಿಯಲ್ಲಿದೆ’. ಆದ್ದರಿಂದ ಹೊಸ ಬಾಗಿಲಿಗಾಗಿ ಶ್ರೀ ಸುದರ್ಶನ್ ಅವರು ತರುವಾಯ ಸಲ್ಲಿಸಿದ ಕೋರಿಕೆಯನ್ನು ತಿರಸ್ಕರಿಸಿದ್ದು, ಅವರು ಸದರಿ ಮನೆಯಲ್ಲಿಯೇ ವಾಸ ಮಾಡತಕ್ಕದ್ದು.

ಸಹಿ/-
ಉಪ ನಿರ್ದೇಶಕರು (ಹೆಚ್ಚುವರಿ ಪ್ರಭಾರ)
ಹಾಸನ

ಪ್ರತಿಗಳು:
1. ನಾಲ್ಕೂ ತಾಲ್ಲೂಕು ಕಚೇರಿಗಳ ಸೂಚನಾ ಫಲಕಕ್ಕೆ (ಫಲಕ ಇರುವ ಕಡೆ).
2. ಶ್ರೀಮತಿ ನೇತ್ರಾ, ಅರಕಲಗೂಡು, ಮಾಹಿತಿಗಾಗಿ. ಒಮ್ಮೆ ಮಾತ್ರ ಓದಿಕೊಳ್ಳಲು.
3. ದಾಸ್ತಾನು ವಹಿಯ ಗುಮಾಸ್ತರಿಗೆ, ಏನನ್ನೂ ತಿದ್ದದಿರಲು.
4. ಶ್ರೀ ಸುದರ್ಶನ್, ವಸತಿಗೃಹ ಸಂಖ್ಯೆ 4, ಹೊಳೆನರಸೀಪುರ. ಅವರು ಮನೆಯಲ್ಲಿಲ್ಲದಿದ್ದಲ್ಲಿ ಈ ಪ್ರತಿಯನ್ನು ನಿಯಮಾನುಸಾರ ಬಾಗಿಲಿಗೆ ಅಂಟಿಸತಕ್ಕದ್ದು.