ಅಮ್ಮನ ಗಾಳಿ ಬದಲಾವಣೆ

ಈಗ ಹೇಳಹೊರಟಿರುವುದು ನಿಜವಾಗಿ ನಡೆದದ್ದೋ, ಅಥವಾ ನಡೆದಿದ್ದರೆ ಚೆನ್ನಾಗಿತ್ತು ಎಂದು ಅಂದುಕೊಂಡು ಅಂದುಕೊಂಡು ನಡೆದಂತೆಯೇ ಆಗಿಬಿಟ್ಟದ್ದೋ, ನಾನು ಖಚಿತವಾಗಿ ಹೇಳಲಾರೆ. ಮೈಸೂರಿನಲ್ಲಿ ರಸಾಯನಶಾಸ್ತ್ರ ಓದಿ ಬಂದ ಮೇಲೆ ನನಗೆ ಅಂಟಿಕೊಂಡ ಚಟವೆಂದರೆ ಯಾರು ಏನೇ ಹೇಳಿದರೂ ‘ಆಧಾರ ಏನು?’ ಎಂದು ಕೇಳುವುದು. ಮದುವೆಯಾದ ಹೊಸದರಲ್ಲಿ ಹೆಂಡತಿ ‘ಸಾರಿಗೆ ಉಪ್ಪು ಹಾಕಿದೀನಿ’ ಎಂದಾಗಲೂ ಕೇಳಿದ್ದೆ. ಮಾರನೆಯ ದಿನ ಅವಳು ತಟ್ಟೆಯ ಪಕ್ಕದಲ್ಲಿ ಉಪ್ಪಿನ ಡಬ್ಬಿಯನ್ನೇ ಇಟ್ಟು, ‘ತಗೊಳ್ಳಿ, ಆಧಾರ’ ಎಂದಳು. ಹೀಗೆ ಊರವರನ್ನೆಲ್ಲ ಪೀಡಿಸಿದವನಿಗೆ ಕೊನೆಗೆ ತನ್ನ ನೆನಪಿನ ಮೇಲೂ ಅನುಮಾನ ಬರುವುದು ನ್ಯಾಯವೇ. ಆದರೂ ನಮ್ಮ ಅಮ್ಮ ಬೆಟ್ಟದ ಮೇಲೆ ಚಳಿಗೆ ನಡುಗಿದ ಆ ಒಂದು ಬೆಳಗನ್ನು ಅನುಮಾನಿಸಲು ನನಗೆ ಮನಸ್ಸಿರಲಿಲ್ಲ.

ಎಪ್ಪತ್ತರ ದಶಕದಲ್ಲಿ ನಮ್ಮಪ್ಪ ಗುಬ್ಬಿಯ ರೈಲ್ವೆ ಸ್ಟೇಷನ್ನಿನಲ್ಲಿ ಟಿಕೆಟ್ ಕೊಡುವ ಗುಮಾಸ್ತರಾಗಿದ್ದರು. ಅಲ್ಲಿ ಪ್ರಯಾಣಿಕರು ಕೂರುವ ಕೋಣೆಯ ಗೋಡೆಗೆ ಗಾಜಿನ ಚೌಕಟ್ಟಿನ ಪಟಗಳಿದ್ದವು. ಒಂದರಲ್ಲಿ ಸರೋವರ, ಅದರಲ್ಲಿ ದೋಣಿ. ಇನ್ನೊಂದರಲ್ಲಿ ಹಿಮದ ಬೆಟ್ಟ, ಅದರ ಮುಂದೆ ಕೆಂಪು ಚಾವಣಿಯ ಹೋಟೆಲು. ಗುಬ್ಬಿಯಿಂದ ತಿಪಟೂರಿಗೆ ಕೊಬ್ಬರಿ ಮಾರಲು ಹೊರಟವರು ಆ ಹಿಮಾಲಯದ ಕೆಳಗೆ ಕೂತು ಬೀಡಿ ಸೇದುತ್ತಿದ್ದರು. ಅಪ್ಪನಿಗೆ ಮಧ್ಯಾಹ್ನದ ಊಟ ತರುತ್ತಿದ್ದ ಅಮ್ಮ ಮಾತ್ರ ಡಬ್ಬಿ ಖಾಲಿಯಾಗುವ ತನಕ ಒಂದೊಂದು ಪಟದ ಮುಂದೆಯೂ ನಿಂತು ನೋಡುತ್ತಿದ್ದಳು. ಅವಳಿಗೆ ಬೇಕಾಗಿದ್ದದ್ದು ಸರೋವರವೂ ಅಲ್ಲ, ಹೋಟೆಲೂ ಅಲ್ಲ, ಚಳಿ. ‘ಮಾತಾಡಿದ್ರೆ ಬಾಯಿಂದ ಹೊಗೆ ಬರುತ್ತಂತೆ ಕಣೋ ಅಲ್ಲಿ. ಒಂದ್ಸಲ ಹಂಗೆ ಗಡಗಡ ಅಂತ ನಡುಗ್ಬೇಕು’ ಎನ್ನುತ್ತಿದ್ದಳು. ಜನ ಸುಖಕ್ಕೆ ಹಂಬಲಿಸುವುದನ್ನು ಕಂಡಿದ್ದೇನೆ. ನಡುಗುವುದಕ್ಕೆ ಹಂಬಲಿಸಿದವಳು ಅವಳೊಬ್ಬಳೇ. ಅಪ್ಪನಿಗೆ ವರ್ಷ ವರ್ಷವೂ ರೈಲ್ವೆ ಪಾಸು ಸಿಗುತ್ತಿತ್ತು. ಆದರೆ ನಮ್ಮ ನೆಂಟರು ಯಾರೂ ಚಳಿಯ ಊರುಗಳಲ್ಲಿ ಮದುವೆ ಇಟ್ಟುಕೊಳ್ಳಲಿಲ್ಲ, ಸಾಯಲೂ ಇಲ್ಲ. ಹಾಗಾಗಿ ಪಾಸುಗಳೆಲ್ಲ ಅರಸೀಕೆರೆ, ದಾವಣಗೆರೆಗಳಲ್ಲೇ ಸವೆದುಹೋದವು.

ಒಂದು ವರ್ಷ ಅಮ್ಮನಿಗೆ ಸುಸ್ತು ಹಿಡಿಯಿತು. ಊಟ ಸೇರದು, ನಿದ್ದೆ ಬಾರದು. ಅಪ್ಪ ತುಮಕೂರಿಗೆ ಕರೆದುಕೊಂಡು ಹೋಗಿ ತೋರಿಸಿದರು. ಡಾಕ್ಟರು ಎದೆ, ಬೆನ್ನು, ನಾಲಗೆ ಎಲ್ಲ ನೋಡಿ, ‘ಕಾಯಿಲೆ ಏನಿಲ್ಲ. ಗಾಳಿ ಬದಲಾಯಿಸ್ಬೇಕು ಅಷ್ಟೆ. ಎಲ್ಲಾದ್ರೂ ತಂಪು ಜಾಗಕ್ಕೆ ಹೋಗಿ ಎಂಟು ದಿನ ಇದ್ದು ಬರ್ಲಿ’ ಎಂದರು. ಅಮ್ಮ ಬಸ್ಸಿನಲ್ಲಿ ಹಿಂತಿರುಗುವಾಗಲೇ ಅರ್ಧ ಗುಣವಾಗಿದ್ದಳಂತೆ. ಮನೆಗೆ ಬಂದವಳೇ ಊಟಿಗೆಂದು ಟ್ರಂಕನ್ನು ಬಿಸಿಲಿಗಿಟ್ಟಳು. ಆದರೆ ಆ ಹೊತ್ತಿಗೆ ಕುಣಿಗಲಿನಿಂದ ಅಪ್ಪನ ಅಕ್ಕ ಬಂದಿಳಿದಿದ್ದರು. ನಮ್ಮ ಮನೆಯಲ್ಲಿ ಯಾವ ತೀರ್ಮಾನವೂ ಈ ಅತ್ತೆಯ ರುಜುವಿಲ್ಲದೆ ಆಗುತ್ತಿರಲಿಲ್ಲ.

‘ಏನಂದ್ರೋ ಡಾಕ್ಟ್ರು?’ ಎಂದು ಅತ್ತೆ ಕೇಳಿದರು.

ಅಪ್ಪ ಮಾತಿನಲ್ಲಿ ಬಲು ಜಿಪುಣರು. ಷರಟು ಬಿಚ್ಚುತ್ತ, ‘ಏನಿಲ್ಲ ಅಕ್ಕ, ಗಾಳಿದಂತೆ’ ಎಂದರು.

ಅಷ್ಟೇ ಸಾಕಾಯಿತು. ಗಾಳಿ ಎಂದರೆ ಡಾಕ್ಟರಿಗೆ ಒಂದು, ಅತ್ತೆಗೆ ಇನ್ನೊಂದು. ಅತ್ತೆ ತೊಡೆಯ ಮೇಲೆ ಕೈ ಬಡಿದು, ‘ನಾನಂದಿರ್ಲಿಲ್ವಾ? ಆ ಹುಣಸೆ ಮರದ ಕೆಳಗೆ ಸಂಜೆ ಹೊತ್ತು ಓಡಾಡ್ಬೇಡ ಕಣೇ ಅಂತ ಬಡ್ಕೊಂಡೆ. ಈಗ ನೋಡು, ಓದಿದ ಡಾಕ್ಟ್ರೇ ಗಾಳಿ ಸೋಕೈತೆ ಅಂತ ಹೇಳವ್ರೆ’ ಎಂದರು. ‘ಅತ್ತಿಗೆ, ಸೋಕಿರೋದಲ್ಲ, ಬದಲಾಯಿಸ್ಬೇಕಂತೆ’ ಎಂದು ಅಮ್ಮ ತಿದ್ದಲು ನೋಡಿದಳು. ‘ಅದೇ ಕಣೇ, ಬಿಡಿಸ್ಬೇಕು. ನಂಗೆ ಗೊತ್ತಾಗಲ್ವಾ? ಹೆಬ್ಬೂರಲ್ಲಿ ಅಂತ್ರ ಕಟ್ಟೋ ಅಯ್ಯನವ್ರು ಅವ್ರೆ’ ಎಂದು ಅತ್ತೆ ಮಾತು ಮುಗಿಸಿದರು. ಅಪ್ಪನ ಮುಖದಲ್ಲಿ ಒಂದು ಸಮಾಧಾನ ಕಂಡಿತು. ಹಿಮಾಲಯಕ್ಕಿಂತ ಹೆಬ್ಬೂರು ಹತ್ತಿರ.

ಹೀಗಾಗಿ ಊಟಿಗೆಂದು ಬಿಸಿಲು ಕಂಡ ಟ್ರಂಕು ಗೂಳೂರು, ಹೆಬ್ಬೂರುಗಳ ಮೇಲೆ ಹಾಯ್ದು ಕುಣಿಗಲಿಗೆ ಹೋಯಿತು. ತೋಳಿಗೆ ತಾಮ್ರದ ಅಂತ್ರ ಕಟ್ಟಿಸಿಕೊಂಡ ಅಮ್ಮ ಅತ್ತೆಯ ಮನೆಯಲ್ಲಿ ಎಂಟು ದಿನ ಇದ್ದಳು. ಅಲ್ಲಿ ಅಡುಗೆ ಕೆಲಸವೂ ಅವಳದೇ ಆಗಿತ್ತೆಂದು ಬೇರೆ ಹೇಳಬೇಕಿಲ್ಲ. ಬಂದ ಮೇಲೆ ಅಪ್ಪ, ‘ಹೆಂಗಿದೀಯೆ?’ ಎಂದರೆ, ‘ಗಾಳಿ ಬದಲಾಯ್ತು ಕಣ್ರೀ. ಗುಬ್ಬಿದು ಹೋಗಿ ಕುಣಿಗಲ್ದು ಬಂತು’ ಎಂದಳು. ಅವಳು ಕ್ರಮೇಣ ಗುಣವಾದದ್ದು ನಿಜ. ಅದಕ್ಕೆ ಅಂತ್ರ ಕಾರಣವೋ, ಕುಣಿಗಲ್ ಕೆರೆಯ ಗಾಳಿ ಕಾರಣವೋ, ಸುಮ್ಮನೆ ದಿನ ಕಳೆದದ್ದು ಕಾರಣವೋ, ಆಧಾರವಿಲ್ಲ.

ಎಂಬತ್ತರ ಸುಮಾರಿಗೆ ನನಗೆ ತುಮಕೂರಿನ ಕಾಲೇಜೊಂದರಲ್ಲಿ ಕೆಲಸ ಸಿಕ್ಕಿ ಉಪ್ಪಾರಹಳ್ಳಿಯಲ್ಲಿ ಮನೆ ಮಾಡಿದೆ. ಪರದೇಶದ ಆರೋಗ್ಯಧಾಮಗಳ ವಿಷಯ ಎಲ್ಲೋ ಓದಿದ್ದನ್ನು ಅಮ್ಮನಿಗೆ ಹೇಳುತ್ತಿದ್ದೆ. ರಾಜರು, ಶ್ರೀಮಂತರು ದೂರದಿಂದ ಬಂದು ಬಿಸಿನೀರಿನ ಬುಗ್ಗೆಯಲ್ಲಿ ಕತ್ತಿನವರೆಗೆ ಮುಳುಗಿ ಕೂರುತ್ತಿದ್ದರು, ಗಂಧಕದ ವಾಸನೆಯ ನೀರನ್ನು ಡಾಕ್ಟರು ಹೇಳಿದಷ್ಟು ಲೋಟ ಕುಡಿಯುತ್ತಿದ್ದರು ಎಂದೆ. ಅಮ್ಮ ರಾಗಿಹಿಟ್ಟು ಜರಡಿ ಹಿಡಿಯುವುದನ್ನು ನಿಲ್ಲಿಸಿ, ‘ಅಷ್ಟು ದೂರ ಬಂದು ವಾಸನೆ ನೀರು ಕುಡೀತಿದ್ರಾ? ನಮ್ಮ ಗುಬ್ಬಿ ಬಾವಿಗೆ ಒಬ್ಬ ರಾಜನೂ ಬರ್ಲಿಲ್ವಲ್ಲೋ’ ಎಂದಳು. ಆಮೇಲೆ ಮೆಲ್ಲಗೆ, ‘ಅಲ್ಲೂ ಚಳಿನಾ?’ ಎಂದಳು. ಆ ಪ್ರಶ್ನೆ ಕೇಳಿ ನಾನು ದೇವರಾಯನದುರ್ಗದ ಪ್ರವಾಸಿ ಬಂಗಲೆಯಲ್ಲಿ ಒಂದು ಕೋಣೆ ಗೊತ್ತುಮಾಡಿದೆ. ಊಟಿ ನನ್ನ ಸಂಬಳಕ್ಕೆ ಎಟುಕುತ್ತಿರಲಿಲ್ಲ. ಬಿಡುವು ಇದ್ದದ್ದು ಏಪ್ರಿಲ್‌ನಲ್ಲಿ. ‘ಬೇಸಿಗೇಲಿ ಚಳಿ ಇರುತ್ತೇನೋ?’ ಎಂದು ಅಮ್ಮ ಅನುಮಾನಿಸಿದಳು. ನಾನು, ‘ಮೇಲೆ ಹೋದಷ್ಟೂ ತಂಪು ಕಣಮ್ಮ, ಅದು ವಿಜ್ಞಾನ’ ಎಂದು ನನ್ನ ಡಿಗ್ರಿಯನ್ನೇ ಒತ್ತೆಯಿಟ್ಟು ಮಾತು ಕೊಟ್ಟೆ.

ಹೋಗುವ ದಾರಿಯಲ್ಲಿ ನಾಮದ ಚಿಲುಮೆ. ಬಂಡೆಯ ಗುಳಿಯಲ್ಲಿ ಜಿನುಗುವ ನೀರನ್ನು ನಾನು ಲೋಟದಲ್ಲಿ ಹಿಡಿದು ಕೊಟ್ಟರೆ, ಹಣೆಯ ತುಂಬ ವಿಭೂತಿ ಬಳಿದಿದ್ದ ಅಪ್ಪ ಹಿಂದೆ ಸರಿದು, ‘ನಾನು ವಿಭೂತಿಯವ್ನು, ನಾಮದ ನೀರು ಕುಡೀಲಾ?’ ಎಂದರು. ಅಮ್ಮ, ‘ಟಿಕೆಟ್ ಕೊಡುವಾಗ ನಾಮದವ್ರಿಗೆ ಬೇರೆ ರೈಲು ತೋರಿಸ್ತಿದ್ರಾ? ಕುಡೀರಿ ಸುಮ್ನೆ’ ಎಂದಳು. ಅಪ್ಪ ಎರಡು ಲೋಟ ಕುಡಿದು, ‘ಸರಿ ಬುಡು, ಈ ವಯಸ್ಸಲ್ಲಿ ನಾಮ ಹಾಕಿದ್ರಿ ನಂಗೆ’ ಎಂದರು.

ಬಂಗಲೆ ತಲುಪಿದಾಗ ಮಧ್ಯಾಹ್ನ. ಬಿಸಿಲು ಕೆಳಗಿನಷ್ಟೇ ಇತ್ತು. ಕೋತಿಗಳು ಕೂಡ ನೆರಳು ಹುಡುಕಿಕೊಂಡು ಸುಮ್ಮನೆ ಕೂತಿದ್ದವು. ಅಮ್ಮ ಸೆರಗಿನಿಂದ ಕತ್ತು ಒರೆಸಿಕೊಂಡಳು. ನಾನು ಮಾತ್ರ ಗಳಿಗೆಗೊಮ್ಮೆ ‘ಬೆಳಗಿನ ಜಾವ ನೋಡಮ್ಮ’ ಎನ್ನುತ್ತಿದ್ದೆ, ಬೆಳಗಿನ ಜಾವವನ್ನು ನಾನೇ ಮಾಡಿಸಿ ತಂದವನ ಹಾಗೆ.

ಇನ್ನು ಮುಂದಿನದು ನನ್ನ ನೆನಪು. ನಾನು ಎದ್ದು ಬಂದಾಗ ಅಮ್ಮ ವರಾಂಡದಲ್ಲಿ ಅಪ್ಪನ ಕಂಬಳಿ ಹೊದ್ದು, ಮೊಣಕಾಲು ಮಡಚಿಕೊಂಡು ಕೂತಿದ್ದಳು. ಕೆಳಗೆ ಕಾಡಿನ ಮೇಲೆ ಮಂಜಿನಂಥದ್ದೇನೋ ಇತ್ತು. ನನ್ನನ್ನು ಕಂಡೊಡನೆ ಹಲ್ಲು ಕಟಕಟ ಅನ್ನಿಸಿ, ‘ಏನ್ ಚಳಿ ಕಣೋ ಮಗ. ಸಾಕಪ್ಪ ನಿನ್ನ ಬೆಟ್ಟ’ ಎಂದಳು. ನಡುಗುತ್ತಿದ್ದಳು, ನಗುತ್ತಲೂ ಇದ್ದಳು. ನನ್ನ ಜೀವಮಾನದಲ್ಲಿ ಯಾವ ಪ್ರಯೋಗವೂ ಅಷ್ಟು ಚೆನ್ನಾಗಿ ಫಲ ಕೊಟ್ಟಿಲ್ಲ. ಗುಬ್ಬಿಗೆ ಹೋದ ಮೇಲೂ ಬೀದಿಯವರಿಗೆಲ್ಲ ಆ ಚಳಿಯನ್ನು ವರ್ಣಿಸಿದಳು. ಅವಳು ಬದುಕಿದ್ದಷ್ಟು ಕಾಲ ಅದನ್ನು ಯಾರೂ ಪ್ರಶ್ನಿಸಲಿಲ್ಲ.

ಅವಳು ಹೋದ ಮೇಲೆ ಒಂದು ದಿನ ಅಪ್ಪನ ಹತ್ತಿರ ಆ ಮಾತು ತೆಗೆದೆ. ಅಪ್ಪ, ‘ಚಳಿನಾ? ನಾನು ರಾತ್ರಿಯೆಲ್ಲ ಬರೀ ಬನೀನಲ್ಲಿ ಮಲಗಿದ್ದೆ ಕಣೋ. ಸೆಖೆಗೆ ಕಿಟಕಿ ತೆಗೆಸಿದ್ದು ನಿಮ್ಮಮ್ಮನೇ’ ಎಂದರು. ಹಾಗಾದರೆ ಅವಳು ನಡುಗಿದ್ದು ಸುಳ್ಳೇ? ನಾನೇ ಕಲ್ಪಿಸಿಕೊಂಡೆನೇ? ಅಥವಾ ಮಗನ ವಿಜ್ಞಾನ ಸುಳ್ಳಾಗಬಾರದೆಂದು, ಆ ಸೆಖೆಯಲ್ಲಿ ಕಂಬಳಿ ಹೊದ್ದು, ನಾನು ಏಳುವುದನ್ನೇ ಕಾಯುತ್ತ ಕೂತಿದ್ದಳೇ? ಅಪ್ಪನ ನೆನಪಿಗೂ ಆಧಾರ ಬೇಕಲ್ಲ. ಮುಂದಿನ ಏಪ್ರಿಲ್‌ನಲ್ಲಿ ಕಾಲೇಜಿನ ಥರ್ಮಾಮೀಟರು ತೆಗೆದುಕೊಂಡು ಅದೇ ಬಂಗಲೆಗೆ ಹೋದೆ. ಒಂದು ಸಲದ ಅಳತೆ ಅಳತೆಯಲ್ಲ ಎಂದು ಹುಡುಗರಿಗೆ ಪಾಠ ಹೇಳುವವನು ನಾನೇ ಆದ್ದರಿಂದ ಅದರ ಮುಂದಿನ ವರ್ಷವೂ ಹೋದೆ. ಮೂರನೆಯ ವರ್ಷ ಚೀಲ ತುಂಬಿಕೊಳ್ಳುತ್ತಿದ್ದಾಗ ಹೆಂಡತಿ ಬಾಗಿಲಿಗೆ ಒರಗಿ ನಿಂತು, ‘ರೀ, ಚಳಿ ಸಿಗೋ ತನಕ ಹೋಗ್ತಾನೇ ಇರ್ತೀರಾ?’ ಎಂದಳು. ಮೂರು ವರ್ಷವೂ ಬೆಳಗಿನ ಜಾವ ವರಾಂಡದಲ್ಲಿ ಕೂತು, ಪಾದರಸ ಒಂದಿಷ್ಟಾದರೂ ಕೆಳಗಿಳಿಯಲಿ ಎಂದು ದೇವರನ್ನು ನಂಬದವನು ದೇವರನ್ನು ಬೇಡಿಕೊಂಡಿದ್ದೇನೆ. ಉಳಿದದ್ದೆಲ್ಲ ಹೇಗೋ ಗೊತ್ತಿಲ್ಲ, ಇದೊಂದನ್ನು ಮಾತ್ರ ಪ್ರಮಾಣ ಮಾಡಿ ಹೇಳಬಲ್ಲೆ: ಏಪ್ರಿಲ್ ತಿಂಗಳಲ್ಲಿ ಆ ಬಂಗಲೆಯ ವರಾಂಡದಲ್ಲಿ ಯಾರೂ ನಡುಗುವಷ್ಟು ಚಳಿ ಇರುವುದಿಲ್ಲ.